ಮನೆ ಬಿಟ್ಟಿರುವ ಅವಧಿಯ ಬಾಡಿಗೆ: ಗೃಹ ವಿಮೆಯಲ್ಲಿ ಗಮನಕ್ಕೆ ಬಾರದ ಒಂದು ಕಲಂ

ಮನೆಯನ್ನು ವಿಮೆಗೆ ಒಳಪಡಿಸುವ ವ್ಯಾಪಾರಸ್ಥರು ಸಾಮಾನ್ಯವಾಗಿ ಗೋಡೆ, ಚಾವಣಿ ಹಾಗೂ ಒಳಗಿನ ಸಾಮಾನುಗಳ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಳಾದ ಮನೆ ದುರಸ್ತಿಯಾಗಿ ಮತ್ತೆ ವಾಸಕ್ಕೆ ಸಿದ್ಧವಾಗುವವರೆಗೆ ಕುಟುಂಬ ಎಲ್ಲಿರಬೇಕು, ಆ ತಿಂಗಳುಗಳ ಬಾಡಿಗೆಯನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಏಳುವುದು ಅನಾಹುತ ಸಂಭವಿಸಿದ ಮೇಲೆಯೇ. ದುರಸ್ತಿಯ ಹಣ ಸರ್ವೇಯರ್ ವರದಿ, ಅಂದಾಜು ಪಟ್ಟಿ, ಕಂಪನಿಯ ಮಂಜೂರಾತಿ ಎಂಬ ಹಂತಗಳನ್ನು ದಾಟಿ ನಿಧಾನವಾಗಿ ಕೈಸೇರುತ್ತದೆ. ಬಾಡಿಗೆಯಾದರೋ ಮೊದಲನೆಯ ತಿಂಗಳಿನಿಂದಲೇ ಕೈಬಿಡುತ್ತದೆ. ಸಣ್ಣ ವ್ಯಾಪಾರಿಯ ಮಟ್ಟಿಗೆ ಈ ಹಣ ಹೊರಡುವುದು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ, ಅಂದರೆ ದುಡಿಯುವ ಬಂಡವಾಳದಿಂದ. ತೊಗರಿ, ಹತ್ತಿ, ನಿಂಬೆಯ ಹಂಗಾಮಿನಲ್ಲಿ ಬಂಡವಾಳ ಕೈಯಲ್ಲಿಲ್ಲದವನು ಕಳೆದುಕೊಳ್ಳುವುದು ಬಾಡಿಗೆಯನ್ನಷ್ಟೇ ಅಲ್ಲ, ವ್ಯಾಪಾರವನ್ನೂ.

ಈ ಬಾಡಿಗೆಯನ್ನು ಭರಿಸುವ ವ್ಯವಸ್ಥೆ ನಮ್ಮ ದೇಶದ ಗೃಹ ವಿಮೆಯಲ್ಲಿ ಇದೆ. ಅದನ್ನು ಬಳಸಿಕೊಳ್ಳುವವರು ಬಹಳ ಕಡಿಮೆ. ಕಾರಣ ಸರಳ: ಅದು ಇದೆಯೆಂದು ಗೊತ್ತಿಲ್ಲ, ಗೊತ್ತಿದ್ದವರ ಬಳಿ ಅದಕ್ಕೆ ಬೇಕಾದ ಕಾಗದಗಳಿಲ್ಲ.

ನಾಲ್ಕು ತಾಲ್ಲೂಕುಗಳ ಅನುಭವ

ಇಂಡಿ, ಸಿಂದಗಿ ತಾಲ್ಲೂಕುಗಳು ಹಾಗೂ ಅವುಗಳಿಂದ ಬೇರ್ಪಟ್ಟ ಚಡಚಣ, ಆಲಮೇಲ ಭಾಗಗಳು ಭೀಮಾ ನದಿಗೆ ಹೊಂದಿಕೊಂಡಿವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಕ್ಕೆ ಕೃಷ್ಣೆ ಒಂದು ಕಡೆಯಾದರೆ ಡೋಣಿ ಇನ್ನೊಂದು ಕಡೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗಿನ ಬಿಜಾಪುರ ಜಿಲ್ಲೆ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಒಂದು. ಅನೇಕ ಕುಟುಂಬಗಳು ‘ಆಸರೆ’ ಯೋಜನೆಯ ಮನೆಗಳು ಸಿಗುವವರೆಗೆ ಪತ್ರಾಸಿನ ಶೆಡ್ಡುಗಳಲ್ಲಿ ದಿನ ಕಳೆಯಬೇಕಾಯಿತು. 2019ರ ಆಗಸ್ಟಿನಲ್ಲಿ ಕೃಷ್ಣಾ ತೀರದ ಸರದಿ. 2020ರ ಅಕ್ಟೋಬರಿನಲ್ಲಿ ಉಜನಿ ಮತ್ತಿತರ ಜಲಾಶಯಗಳಿಂದ ನೀರು ಬಿಟ್ಟಾಗ ಸೊನ್ನ ಬ್ಯಾರೇಜಿನ ಬಳಿ ಭೀಮೆಯ ಹರಿವು ಸುಮಾರು 8 ಲಕ್ಷ ಕ್ಯುಸೆಕ್‌ಗೆ ಏರಿ ನದಿದಂಡೆಯ ಗ್ರಾಮಗಳು ಜಲಾವೃತಗೊಂಡವು. 2025ರ ಸೆಪ್ಟೆಂಬರಿನಲ್ಲಿ ಭೀಮಾ ಮತ್ತೆ ಉಕ್ಕಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಜನರು ಕಾಳಜಿ ಕೇಂದ್ರಗಳನ್ನು ಸೇರಬೇಕಾಯಿತು.

ನೀರಷ್ಟೇ ಅಲ್ಲ, ನೆಲವೂ ಇಲ್ಲಿ ಸುಮ್ಮನಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನೆರೆಯ ಲಾತೂರು ಜಿಲ್ಲೆಯನ್ನು ನೆಲಸಮ ಮಾಡಿದ್ದು ಈ ಭಾಗದ ಹಿರಿಯರಿಗೆ ನೆನಪಿದೆ. 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯ ಹಲವೆಡೆ ಲಘು ಕಂಪನಗಳು ಮರುಕಳಿಸಿ ಜನ ರಾತ್ರಿಯಿಡೀ ಮನೆಯ ಹೊರಗೆ ಕಳೆದದ್ದುಂಟು.

ಇಂಥ ಸಂದರ್ಭಗಳಲ್ಲಿ ಸರಕಾರದ ನೆರವು ಬರುತ್ತದೆ. 2019ರಲ್ಲಿ ರಾಜ್ಯ ಸರಕಾರ ಪೂರ್ಣ ಹಾನಿಗೊಂಡ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದ್ದಲ್ಲದೆ, ಮನೆ ಕಟ್ಟಿಕೊಳ್ಳುವವರೆಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಯಂತೆ 10 ತಿಂಗಳ ನೆರವನ್ನೂ ಪ್ರಕಟಿಸಿತು. ತಾತ್ಕಾಲಿಕ ವಸತಿಯ ಖರ್ಚು ಮನೆಯ ಹಾನಿಯಿಂದ ಬೇರೆಯಾದ ಒಂದು ನಷ್ಟವೆಂದು ಸರಕಾರವೇ ಒಪ್ಪಿಕೊಂಡ ಉದಾಹರಣೆ ಇದು. 2013ರ ಭೂಸ್ವಾಧೀನ ಕಾಯ್ದೆಯ ಎರಡನೆಯ ಅನುಸೂಚಿಯಲ್ಲೂ ಇದೇ ತತ್ತ್ವವಿದೆ. ನಿರಾಶ್ರಿತ ಕುಟುಂಬಕ್ಕೆ ಒಂದು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಜೀವನ ನಿರ್ವಹಣಾ ಭತ್ಯೆಯನ್ನೂ ಸಾಗಾಣಿಕೆಗೆ 50,000 ರೂಪಾಯಿಯನ್ನೂ ಅದು ನಿಗದಿಪಡಿಸುತ್ತದೆ. ಆಲಮಟ್ಟಿಯ ಹಿನ್ನೀರಿಗಾಗಿ ಸ್ವಾಧೀನವಾಗುವ ಮನೆಗಳ ಪ್ರಶ್ನೆ ಈ ಕಾಯ್ದೆಗೆ ಸೇರಿದ್ದೇ ಹೊರತು ವಿಮೆಗಲ್ಲ. ಕಾನೂನುಬದ್ಧ ಪ್ರಾಧಿಕಾರದ ಆದೇಶದಂತೆ ಬಿಟ್ಟುಕೊಟ್ಟ ಮನೆಯನ್ನು ಆಕಸ್ಮಿಕ ನಷ್ಟವೆಂದು ಯಾವ ವಿಮಾ ಕಂಪನಿಯೂ ಪರಿಗಣಿಸುವುದಿಲ್ಲ.

ಆದರೆ ಪ್ರವಾಹ ಪರಿಹಾರವೆಂಬುದು ಪ್ರತಿ ಬಾರಿಯೂ ಅನಾಹುತದ ನಂತರ ನಿರ್ಧಾರವಾಗುವ ನೆರವು. ಮುಂದಿನ ಸಲ ಎಷ್ಟು, ಯಾರಿಗೆ, ಎಷ್ಟು ತಿಂಗಳು ಎಂಬುದನ್ನು ಇಂದೇ ಹೇಳಲಾಗದು. ಊರಿಗೆ ಊರೇ ಮುಳುಗಿದಾಗ ದೊರೆಯುವ ಈ ನೆರವು, ಒಂದೇ ಮನೆಗೆ ವಿದ್ಯುತ್ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದಾಗ ಅದೇ ಪ್ರಮಾಣದಲ್ಲಿ ದೊರೆಯುವುದೂ ಇಲ್ಲ. ಪಟ್ಟಣದ ವ್ಯಾಪಾರಿಯ ಮನೆಗೆ ಪ್ರವಾಹಕ್ಕಿಂತ ಬೆಂಕಿಯ ಭಯವೇ ಹೆಚ್ಚು.

2021ರಿಂದ ಆದ ಬದಲಾವಣೆ

ಹಿಂದೆ ಮನೆಗಳಿಗೆ ನೀಡಲಾಗುತ್ತಿದ್ದುದು ಅಗ್ನಿ ಮತ್ತು ವಿಶೇಷ ಅಪಾಯಗಳ ಸಾಮಾನ್ಯ ಪಾಲಿಸಿ. ಕಾರ್ಖಾನೆಗೂ ಗೋದಾಮಿಗೂ ಮನೆಗೂ ಒಂದೇ ನಮೂನೆ. ಅದರಲ್ಲಿ ಭೂಕಂಪಕ್ಕೆ ಬೇರೆ ಕಂತು, ಬಾಡಿಗೆ ನಷ್ಟಕ್ಕೆ ಬೇರೆ ಕಂತು, ಪರ್ಯಾಯ ವಸತಿಯ ಬಾಡಿಗೆಗೆ ಮತ್ತೊಂದು ಕಂತು. ಕೇಳಿ ಪಡೆದವರಿಗಷ್ಟೇ ಇವು ದೊರೆಯುತ್ತಿದ್ದವು. ವಿಮಾ ಮೊತ್ತ ಕಡಿಮೆಯಿದ್ದರೆ ‘ಸರಾಸರಿ’ ಕಲಮಿನ ಪ್ರಕಾರ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸಲಾಗುತ್ತಿತ್ತು.

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಈ ನಾಲ್ಕು ಸರಕಾರಿ ಕಂಪನಿಗಳಾಗಲಿ, ಖಾಸಗಿ ಕಂಪನಿಗಳಾಗಲಿ, ಇದರ ಮೂಲ ಪಠ್ಯ ಒಂದೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಜಲಾವೃತಿ, ಭೂಕುಸಿತ, ವಾಹನ ಡಿಕ್ಕಿ, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಮೊದಲಾದ ಅಪಾಯಗಳು ಇದರಲ್ಲೇ ಅಡಕವಾಗಿವೆ. ಇಂಥ ಘಟನೆ ನಡೆದ ಏಳು ದಿನಗಳೊಳಗೆ ಅದರ ಪರಿಣಾಮವಾಗಿ ಆಗುವ ಕಳವಿಗೂ ರಕ್ಷಣೆಯುಂಟು. ನೀರು ಏರಿದಾಗ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಕಟ್ಟಡದ ವಿಮಾ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣವನ್ನು ಪ್ರಸ್ತುತ ನಿರ್ಮಾಣ ದರದಿಂದ ಗುಣಿಸಿ ನಿಗದಿಪಡಿಸಲಾಗುತ್ತದೆ. ನಿವೇಶನದ ಬೆಲೆ ಇದರಲ್ಲಿ ಸೇರುವುದಿಲ್ಲ. ಕಟ್ಟಡಕ್ಕೆ ವಿಮೆ ಪಡೆದವರಿಗೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಗೃಹೋಪಯೋಗಿ ಸಾಮಾನುಗಳ ರಕ್ಷಣೆ ತಾನಾಗಿಯೇ ದೊರೆಯುತ್ತದೆ. ವಿಸ್ತೀರ್ಣ ಮೊದಲಾದ ವಿವರಗಳನ್ನು ಸರಿಯಾಗಿ ಕೊಟ್ಟಿದ್ದರೆ ವಿಮಾ ಮೊತ್ತ ಕಡಿಮೆಯಾಯಿತೆಂದು ಪರಿಹಾರವನ್ನು ಕಡಿತಗೊಳಿಸುವಂತಿಲ್ಲ. ಪರಿಹಾರ ಮೊತ್ತದ ಶೇ. 5ರವರೆಗೆ ಎಂಜಿನಿಯರ್, ಆರ್ಕಿಟೆಕ್ಟ್ ಮುಂತಾದವರ ಶುಲ್ಕವನ್ನೂ ಶೇ. 2ರವರೆಗೆ ಅವಶೇಷ ತೆರವಿನ ವೆಚ್ಚವನ್ನೂ ಕಂಪನಿ ಕೊಡುತ್ತದೆ. ಇವುಗಳ ಜೊತೆಯಲ್ಲಿಯೇ ಇರುವುದು ಈ ಲೇಖನದ ವಿಷಯವಾದ ಕಲಂ: ಬಾಡಿಗೆ ನಷ್ಟ ಮತ್ತು ಪರ್ಯಾಯ ವಸತಿಯ ಬಾಡಿಗೆ.

ಕಲಂ ಏನು ಹೇಳುತ್ತದೆ

ವಿಮಾ ವ್ಯಾಪ್ತಿಯ ಘಟನೆಯಿಂದ ಮನೆಗೆ ಭೌತಿಕ ಹಾನಿಯಾಗಿ, ಆ ಕಾರಣದಿಂದ ಅದು ವಾಸಕ್ಕೆ ಯೋಗ್ಯವಲ್ಲದಂತಾಗಿದ್ದರೆ, ಮತ್ತೆ ವಾಸಯೋಗ್ಯವಾಗಲು ಬೇಕಾಗುವ ಸಮಂಜಸ ಅವಧಿಗೆ ಬಾಡಿಗೆಯನ್ನು ಭರಿಸಲಾಗುತ್ತದೆ. ಗರಿಷ್ಠ ಮಿತಿ ಮೂರು ವರ್ಷ. ಸ್ವಂತ ಮನೆಯಲ್ಲಿದ್ದವನಿಗೆ ಪರ್ಯಾಯ ಮನೆಯ ಬಾಡಿಗೆ. ಬಾಡಿಗೆಗೆ ಕೊಟ್ಟಿದ್ದವನಿಗೆ ನಿಂತುಹೋದ ಬಾಡಿಗೆ. ಬಾಡಿಗೆದಾರನಾಗಿಯೇ ಇದ್ದವನಿಗೆ ಹಳೆಯ ಬಾಡಿಗೆಗಿಂತ ಹೆಚ್ಚಾಗಿ ತೆರಬೇಕಾದ ವ್ಯತ್ಯಾಸ. ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದ ಬಾಡಿಗೆದಾರ 5,500 ರೂಪಾಯಿಯ ಮನೆಗೆ ಹೋಗಬೇಕಾದರೆ ಅವನ ನಷ್ಟ 1,500 ರೂಪಾಯಿ ಮಾತ್ರ. ಮನೆ ವಾಸಕ್ಕೆ ಯೋಗ್ಯವಲ್ಲವೆಂಬುದಕ್ಕೆ ಆರ್ಕಿಟೆಕ್ಟ್ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಕಲಂ ಪಾಲಿಸಿಯ ಮುದ್ರಿತ ಪಠ್ಯದಲ್ಲಿದ್ದ ಮಾತ್ರಕ್ಕೆ ಹಣ ಬಂತೆಂದು ತಿಳಿಯುವುದು ಅವಸರದ ಮಾತು. ಪ್ರಸ್ತಾವನಾ ಪತ್ರದಲ್ಲಿ ಬಾಡಿಗೆ ನಷ್ಟಕ್ಕೆ ಎಷ್ಟು ಮೊತ್ತ, ಎಷ್ಟು ತಿಂಗಳು. ಪರ್ಯಾಯ ವಸತಿಗೆ ಎಷ್ಟು ಮೊತ್ತ, ಎಷ್ಟು ತಿಂಗಳು ಎಂದು ಕೇಳುವ ಜಾಗಗಳಿರುತ್ತವೆ. ಏಜೆಂಟರು ಬೇಗ ಮುಗಿಸುವ ಭರದಲ್ಲಿ ಇವನ್ನು ಖಾಲಿ ಬಿಡುವುದೇ ಹೆಚ್ಚು. ಆಗ ಪಾಲಿಸಿಯ ಅನುಸೂಚಿಯಲ್ಲಿ, ಅಂದರೆ ಹೆಸರು, ವಿಳಾಸ, ಮೊತ್ತಗಳಿರುವ ಮೊದಲ ಹಾಳೆಯಲ್ಲಿ, ಬಾಡಿಗೆಯ ಎದುರು ಅಂಕಿಯೇ ಇರುವುದಿಲ್ಲ. ಅಂಕಿಯಿಲ್ಲದ ಕಡೆ ವಿವಾದ ಹುಟ್ಟುತ್ತದೆ. ಆದ್ದರಿಂದ ಪಾಲಿಸಿ ಕೈಗೆ ಬಂದ ದಿನವೇ ಈ ಸಾಲನ್ನು ಹುಡುಕಿ ನೋಡಬೇಕು. ಅಂಕಿ ಇಲ್ಲದಿದ್ದರೆ ಲಿಖಿತವಾಗಿ ಕೇಳಿ, ಅಗತ್ಯವಿದ್ದರೆ ಹೆಚ್ಚುವರಿ ಕಂತು ತೆತ್ತು, ತಿದ್ದುಪಡಿ ಪತ್ರ ಪಡೆಯಬೇಕು. ಸಾಮಾನ್ಯ ಗಾತ್ರದ ಮನೆಯ ವಾರ್ಷಿಕ ಕಂತೇ ಸಾವಿರ ರೂಪಾಯಿಯ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯಲ್ಲೋ ಇರುವಾಗ ಇದು ಹೊರೆಯಲ್ಲ.

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾಗಬಹುದು. ಸಿಂದಗಿಯ ಒಬ್ಬ ಅಡತಿ ವ್ಯಾಪಾರಿಯ ಮನೆಯ ಕಾರ್ಪೆಟ್ ವಿಸ್ತೀರ್ಣ 1,000 ಚದರ ಅಡಿ, ನಿರ್ಮಾಣ ದರ ಚದರ ಅಡಿಗೆ 1,800 ರೂಪಾಯಿ ಎಂದಿರಲಿ. ಕಟ್ಟಡದ ವಿಮಾ ಮೊತ್ತ 18 ಲಕ್ಷ. ಸಾಮಾನುಗಳಿಗೆ ತಾನಾಗಿ ದೊರೆಯುವುದು 3 ಲಕ್ಷ 60 ಸಾವಿರ. ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿಯಿಂದ ಚಾವಣಿ ಬಿರಿದು ಕಟ್ಟಡದ ದುರಸ್ತಿಗೆ 5 ಲಕ್ಷ ತಗಲುತ್ತದೆ. ಎಂಜಿನಿಯರ್ ಮುಂತಾದವರ ಶುಲ್ಕ 25,000 ರೂಪಾಯಿಯವರೆಗೆ, ಅವಶೇಷ ತೆರವು 10,000 ರೂಪಾಯಿಯವರೆಗೆ. ದುರಸ್ತಿಗೆ ಎಂಟು ತಿಂಗಳು ಹಿಡಿಯಿತು. ಅದೇ ಊರಿನಲ್ಲಿ ಅದೇ ಗಾತ್ರದ ಮನೆಗೆ ತಿಂಗಳಿಗೆ 7,000 ರೂಪಾಯಿ. ಒಟ್ಟು 56,000. ಅನುಸೂಚಿಯಲ್ಲಿ 12 ತಿಂಗಳಿಗೆ 84,000 ರೂಪಾಯಿ ಎಂದು ನಮೂದಾಗಿದ್ದರೆ ಈ 56,000 ರೂಪಾಯಿಯೂ ಕೇಳಲು ಅರ್ಹ. ಆರು ತಿಂಗಳಿಗೆ 42,000 ಎಂದಿದ್ದರೆ ಕೊನೆಯ ಎರಡು ತಿಂಗಳು ಕೈಯಿಂದ. ಮಕ್ಕಳ ಓದಿಗೆ ಅನುಕೂಲವೆಂದು ಇದೇ ನೆಪದಲ್ಲಿ ವಿಜಯಪುರ ನಗರದ 12,000 ರೂಪಾಯಿಯ ದೊಡ್ಡ ಮನೆಗೆ ಹೋದರೆ ಸರ್ವೇಯರ್ ಕಾರಣ ಕೇಳಿಯೇ ಕೇಳುತ್ತಾನೆ. ಮನೆಯ ಮಾಲೀಕನಿಗೆ ಕೊಟ್ಟ ಡಿಪಾಸಿಟ್ ಮರಳಿ ಬರುವ ಹಣವಾದ್ದರಿಂದ ಅದು ಬಾಡಿಗೆಯೆನಿಸುವುದಿಲ್ಲ.

ತಿಂಗಳುಗಳ ಸಂಖ್ಯೆಯನ್ನು ಧಾರಾಳವಾಗಿಯೇ ಹಾಕಿಸುವುದು ಒಳಿತು. ಪ್ರವಾಹದ ನಂತರ ಒಂದೇ ಕಾಲಕ್ಕೆ ನೂರಾರು ಮನೆಗಳ ಕೆಲಸ ಆರಂಭವಾಗಿ ಗೌಂಡಿಗಳೂ ಮರಳೂ ಸಿಗುವುದಿಲ್ಲ. ತೊಯ್ದ ಪಾಯ ಆರುವವರೆಗೆ ಗೋಡೆ ಏರಿಸುವಂತಿಲ್ಲ. ನದಿದಂಡೆಯ ಊರುಗಳಲ್ಲಿ 12 ತಿಂಗಳಿಗಿಂತ ಕಡಿಮೆ ಅವಧಿಯ ಲೆಕ್ಕ ಹಾಕುವುದು ಉಳಿತಾಯವೆನಿಸದು.

ಏನು ಬರುವುದಿಲ್ಲ

ಅಮೆರಿಕದ ಗೃಹ ವಿಮೆಯಲ್ಲಿ ಇದಕ್ಕೆ ಹೋಲುವ ಭಾಗದ ವ್ಯಾಪ್ತಿ ದೊಡ್ಡದು. ಮನೆ ಬಿಟ್ಟಿರುವ ಕಾಲದಲ್ಲಿ ಜೀವನ ವೆಚ್ಚ ಎಷ್ಟು ಹೆಚ್ಚಿತೋ ಅಷ್ಟನ್ನೂ, ಹೋಟೆಲ್ ವಾಸ, ಹೊರಗಿನ ಊಟದ ಹೆಚ್ಚುವರಿ ಖರ್ಚು ಸಹಿತ, ಅಲ್ಲಿನ ಸಾಮಾನ್ಯ ಪಾಲಿಸಿ ಭರಿಸುತ್ತದೆ. ನೆರೆಯ ಆಸ್ತಿಗೆ ಹಾನಿಯಾದ ಕಾರಣ ಸರಕಾರಿ ಆದೇಶದಂತೆ ಮನೆ ತೆರವು ಮಾಡಬೇಕಾದರೆ ಸಾಮಾನ್ಯವಾಗಿ ಎರಡು ವಾರಗಳವರೆಗೆ ಹಣ ಬರುತ್ತದೆ. ವಿದೇಶದಲ್ಲಿರುವ ಮಕ್ಕಳು ದೂರವಾಣಿಯಲ್ಲಿ ಹೇಳುವ ವಿಮೆಯ ಮಾತನ್ನು ನಮ್ಮ ಪಾಲಿಸಿಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು. ಭಾರತ ಗೃಹ ರಕ್ಷಾ ಕೊಡುವುದು ಬಾಡಿಗೆಯನ್ನು. ಊಟ, ಶಾಲೆಯ ಆಟೋ, ಸಾಮಾನು ಸಾಗಿಸಿದ ಟ್ರ್ಯಾಕ್ಟರ್, ದನಕರು ಕಟ್ಟಲು ಹಿಡಿದ ಜಾಗ, ಇವು ಆ ಶಬ್ದದೊಳಗೆ ಬರುವುದಿಲ್ಲ.

ಹೆಚ್ಚು ನಿರಾಶೆ ಹುಟ್ಟಿಸುವ ಅಂಶ ತೆರವಿನದು. ಭೀಮಾ ತೀರದಲ್ಲಿ ತಾಲ್ಲೂಕು ಆಡಳಿತದ ಎಚ್ಚರಿಕೆಯಂತೆ ಕುಟುಂಬ ಎಂಟು ದಿನ ಮನೆ ಬಿಟ್ಟಿತು, ನೀರು ಹೊಸ್ತಿಲವರೆಗೆ ಬಂದು ಹಿಂದೆ ಸರಿಯಿತು, ಗೋಡೆಗೆ ಏನೂ ಆಗಲಿಲ್ಲ ಎಂದಾದರೆ ಈ ಕಲಮಿನಡಿ ಬಿಡಿಗಾಸೂ ಬರದು. ಹಾನಿ ಮೊದಲು, ಬಾಡಿಗೆ ಆಮೇಲೆ ಎಂಬುದೇ ಇಲ್ಲಿನ ಕ್ರಮ.

ಇನ್ನು ಎರೆಭೂಮಿಯ ಪ್ರಶ್ನೆ. ಈ ನಾಲ್ಕೂ ತಾಲ್ಲೂಕುಗಳ ಬಹುಭಾಗ ಕಪ್ಪು ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಈ ಮಣ್ಣಿನಲ್ಲಿ ಗೋಡೆ ಸೀಳದ ಮನೆ ವಿರಳ. ಪಾಲಿಸಿಯು ನೆಲ ಕುಸಿತವನ್ನು ಒಳಗೊಂಡರೂ ಸಾಮಾನ್ಯ ಬಿರುಕು, ಹೊಸ ಕಟ್ಟಡ ಕುಳಿತುಕೊಳ್ಳುವುದು, ಭರ್ತಿ ಮಾಡಿದ ನೆಲ ಸರಿಯುವುದು, ನದಿಯ ಕೊರೆತ, ದೋಷಪೂರಿತ ವಿನ್ಯಾಸ ಅಥವಾ ಕಾಮಗಾರಿ ಇವನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಪ್ರವಾಹ ಇಳಿದ ಮೇಲೆ ಕಂಡ ಬಿರುಕು ಹಳೆಯದೋ ಹೊಸದೋ ಎಂಬ ಚರ್ಚೆ ಇಲ್ಲಿಂದಲೇ ಹುಟ್ಟುವುದು. ಮಳೆಗಾಲಕ್ಕೆ ಮುಂಚೆ ನಾಲ್ಕೂ ಗೋಡೆಗಳ ಫೋಟೋ ತೆಗೆದು ದಿನಾಂಕದೊಡನೆ ಇರಿಸಿಕೊಂಡವನ ಬಳಿ ಉತ್ತರವಿರುತ್ತದೆ.

ಮಣ್ಣಿನ ಮಾಳಿಗೆ ಮನೆಗಳ ವಿಚಾರ ಇನ್ನೂ ಸಂಕೀರ್ಣವಾದುದು. ಪಾಲಿಸಿಯ ಪರಿಭಾಷೆಯಲ್ಲಿ ‘ಕಚ್ಚಾ’ ಎಂದರೆ ಹಲಗೆ, ಗರಿ, ಹುಲ್ಲು, ಬಿದಿರು, ಪ್ಲಾಸ್ಟಿಕ್, ತಾಡಪತ್ರಿ ಮುಂತಾದವುಗಳಿಂದ ಮಾಡಿದ ಗೋಡೆ ಅಥವಾ ಚಾವಣಿ. ಕಲ್ಲು-ಮಣ್ಣಿನ ಹಳೆಯ ಮನೆಯನ್ನು ಈ ಪಟ್ಟಿಯಲ್ಲಿ ಹೆಸರಿಸಿಲ್ಲ. ಆದರೆ ನದಿ ಬಾರದೆಯೂ ನಾಲ್ಕಾರು ದಿನಗಳ ಜಡಿಮಳೆಗೆ ನೆನೆದು ಕುಸಿಯುವುದು ಇಂಥ ಮನೆಗಳ ಸ್ವಭಾವ. ಪಾಲಿಸಿ ಹೆಸರಿಸುವುದು ಬಿರುಗಾಳಿಯನ್ನು, ಪ್ರವಾಹವನ್ನು, ಜಲಾವೃತಿಯನ್ನು. ಬರಿಯ ಮಳೆ ಎಂಬ ಶಬ್ದ ಅಲ್ಲಿಲ್ಲ. ಓಣಿಯಲ್ಲಿ ನೀರು ನಿಂತು ಪಾಯಕ್ಕೆ ಇಳಿದಿತ್ತೇ, ಇಲ್ಲವೇ ಹಳೆಯ ಮಾಳಿಗೆ ಸೋರಿ ಬಿತ್ತೇ ಎಂಬುದರ ಮೇಲೆ ದುರಸ್ತಿಯ ಹಣವೂ ಅದರ ಹಿಂದೆ ಬಾಡಿಗೆಯ ಹಣವೂ ನಿಂತಿರುತ್ತವೆ. ಹೋಬಳಿವಾರು ಮಳೆಯ ಅಂಕಿಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರಿಸುತ್ತದೆ. ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆಯಲ್ಲಿ ‘ಮಳೆಯಿಂದ ಮನೆ ಬಿದ್ದಿದೆ’ ಎಂದಷ್ಟೇ ಬರೆಯಿಸದೆ, ನೀರು ನಿಂತಿದ್ದರೆ ಎಷ್ಟು ಎತ್ತರಕ್ಕೆ ಎಷ್ಟು ದಿನ ನಿಂತಿತ್ತೆಂಬ ನಿಜಸ್ಥಿತಿಯನ್ನೂ ಬರೆಯಿಸಿಕೊಳ್ಳಬೇಕು. ಪ್ರಸ್ತಾವನಾ ಪತ್ರದಲ್ಲಿ ಗೋಡೆ ಹಾಗೂ ಚಾವಣಿಯ ವಸ್ತುವನ್ನು ಇದ್ದಂತೆ ತಿಳಿಸದಿದ್ದರೆ ಮಾತ್ರ ಈ ಯಾವ ಸಾಕ್ಷ್ಯವೂ ಉಪಯೋಗಕ್ಕೆ ಬಾರದು.

ಕೆಳಗೆ ಅಂಗಡಿ, ಮೇಲೆ ಮನೆ

ಪೇಟೆಯ ಓಣಿಗಳಲ್ಲಿ ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ವಾಸ ಇರುವುದೇ ಹೆಚ್ಚು. ಭಾರತ ಗೃಹ ರಕ್ಷಾ ವಾಸದ ಮನೆಗೆ ಮೀಸಲಾದ ಪಾಲಿಸಿ. ಕೆಳಗಿನ ವ್ಯಾಪಾರದ ಭಾಗಕ್ಕೆ ಅದೇ ದಿನ ಜಾರಿಗೆ ಬಂದ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಯವರೆಗೆ ಇರುವ ವ್ಯವಹಾರಗಳಿಗೆ ಅದು ಅನ್ವಯ. ಇಡೀ ಕಟ್ಟಡವನ್ನು ಮನೆಯೆಂದು ತೋರಿಸಿ ಕಂತು ಉಳಿಸಿದವನಿಗೆ ಹತ್ತಿಯ ಗೋದಾಮಿನಿಂದ ಬೆಂಕಿ ಮೇಲೇರಿದ ದಿನ ಬಾಡಿಗೆಯಷ್ಟೇ ಅಲ್ಲ, ಮನೆಯ ಪರಿಹಾರಕ್ಕೂ ಸಂಚಕಾರ ಬರುತ್ತದೆ. ಎರಡೂ ಬಳಕೆಗಳನ್ನು ಪ್ರಸ್ತಾವನೆಯಲ್ಲಿ ಬರೆದು, ಎರಡು ಪಾಲಿಸಿಗಳನ್ನು ಪಡೆಯುವುದೇ ಸರಿಯಾದ ದಾರಿ.

ಗೃಹಸಾಲ ಪಡೆದವರ ಪಾಲಿಸಿ ಹೆಚ್ಚಾಗಿ ಬ್ಯಾಂಕಿನ ಕಡತದಲ್ಲಿರುತ್ತದೆ. ಬ್ಯಾಂಕಿಗೆ ಬೇಕಾದುದು ತನ್ನ ಸಾಲದ ಭದ್ರತೆ. ಆದ್ದರಿಂದ ಕಟ್ಟಡಕ್ಕಷ್ಟೇ, ಕೆಲವೊಮ್ಮೆ ಸಾಲದ ಮೊತ್ತಕ್ಕಷ್ಟೇ, ವಿಮೆ ಮಾಡಿಸಿರುತ್ತದೆ. ಸಾಲಗಾರ ಎಲ್ಲಿರಬೇಕೆಂಬುದು ಬ್ಯಾಂಕಿನ ಚಿಂತೆಯಲ್ಲ. ಪ್ರತಿಯನ್ನು ಕೇಳಿ ಪಡೆದು ಬಾಡಿಗೆಯ ಸಾಲನ್ನು ಅಲ್ಲಿಯೂ ನೋಡಬೇಕು.

ಪಾಲಿಸಿಯಲ್ಲಿರುವ ಹೆಸರು ಇನ್ನೊಂದು ತೊಡಕು. ಅಜ್ಜನ ಹೆಸರಿನಲ್ಲೇ ಉಳಿದ ಉತಾರ, ಮೊಮ್ಮಗನ ಹೆಸರಿನ ಪಾಲಿಸಿ, ಅವಿಭಕ್ತ ಕುಟುಂಬದ ವಾಸ ಈ ಮೂರೂ ಸೇರಿದಾಗ ಪರಿಹಾರ ಯಾರಿಗೆಂಬ ಪ್ರಶ್ನೆ ಬಗೆಹರಿಯುವುದರೊಳಗೆ ಬಾಡಿಗೆಯ ತಿಂಗಳುಗಳೇ ಮುಗಿದಿರುತ್ತವೆ. ಪಟ್ಟಣದಲ್ಲಿ ಪುರಸಭೆಯ ಖಾತೆ, ಹಳ್ಳಿಯಲ್ಲಿ ಇ-ಸ್ವತ್ತಿನ ದಾಖಲೆ ಇವುಗಳೊಡನೆ ಪಾಲಿಸಿಯ ಹೆಸರು ತಾಳೆಯಾಗಬೇಕು. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಹೊಸ ತಾಲ್ಲೂಕುಗಳಾದ ಮೇಲೂ ಹಳೆಯ ವಿಳಾಸವೇ ಮುಂದುವರಿದಿದ್ದರೆ ನವೀಕರಣದ ವೇಳೆ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಕಾಗದಪತ್ರಗಳು

ಘಟನೆಯ ನಂತರ ಕಂಪನಿಗೆ ತಡಮಾಡದೆ ತಿಳಿಸಬೇಕು. ಸರ್ವೇಯರ್ ನೋಡುವ ಮೊದಲು ಅವಶೇಷ ತೆಗೆಯಲೇಬೇಕಾದರೆ ಫೋಟೋ, ವಿಡಿಯೋ ಇರಬೇಕು. ವಾಸಕ್ಕೆ ಯೋಗ್ಯವಲ್ಲವೆಂಬ ಪ್ರಮಾಣಪತ್ರವನ್ನು ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ಇಲ್ಲವೇ ಆರ್ಕಿಟೆಕ್ಟರಿಂದ ಆರಂಭದಲ್ಲಿಯೇ ಪಡೆಯಬೇಕು. ಮನೆ ರಿಪೇರಿಯಾದ ಮೇಲೆ ಅದನ್ನು ಕೊಡಲು ಯಾವ ಅಧಿಕಾರಿಯೂ ಒಪ್ಪಲಾರ.

ಬಾಡಿಗೆಯ ವಿಷಯದಲ್ಲಿ ನಮ್ಮವರ ರೂಢಿಯೇ ಅಡ್ಡಿ. ಮನೆ ಬಿದ್ದಾಗ ಬೀಗರ ಮನೆಯೋ ತವರು ಮನೆಯೋ ಆಸರೆಯಾಗುತ್ತದೆ. ಅಲ್ಲಿ ಹಣದ ಮಾತೇ ಬರುವುದಿಲ್ಲ. ಕೊಡದ ಬಾಡಿಗೆಯನ್ನು ಕಂಪನಿಯೂ ಕೊಡುವುದಿಲ್ಲ. ಸಂಬಂಧಿಕರ ಖಾಲಿ ಮನೆಯನ್ನು ನಿಜವಾಗಿಯೂ ಬಾಡಿಗೆಗೆ ಹಿಡಿದರೆ ಅದಕ್ಕೆ ತಡೆಯಿಲ್ಲ. ಆದರೆ ಬಾಡಿಗೆ ಆ ಊರಿನ ದರಕ್ಕೆ ಸಮನಾಗಿರಬೇಕು, ಛಾಪಾ ಕಾಗದದ ಕರಾರು ಇರಬೇಕು, ಹಣ ಬ್ಯಾಂಕಿನ ಮೂಲಕ ಹೋಗಿರಬೇಕು, ಪಡೆದವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಬೇರೆಯವರ ಮನೆಗೂ ಇದೇ ನಿಯಮ. ನಗದು ಕೊಟ್ಟು ರಸೀದಿಯಿಲ್ಲದೆ ಆರು ತಿಂಗಳು ಕಳೆದ ಮೇಲೆ ಒಂದೇ ದಿನ ಒಂದೇ ಶಾಯಿಯಲ್ಲಿ ಬರೆಯಿಸಿದ ಆರು ರಸೀದಿಗಳು ಯಾರನ್ನೂ ನಂಬಿಸುವುದಿಲ್ಲ. ಬಾಡಿಗೆಗೆ ಕೊಟ್ಟಿದ್ದ ಮನೆ ಹಾಳಾದವರಿಗೂ ಹಿಂದಿನ ತಿಂಗಳುಗಳ ಬಾಡಿಗೆ ಬಂದ ಬ್ಯಾಂಕ್ ದಾಖಲೆಯೇ ಆಧಾರ.

ಕಂಪನಿ ಕೋರಿಕೆಯನ್ನು ತಳ್ಳಿಹಾಕಿದರೆ ಅಥವಾ ಕಡಿಮೆ ಕೊಟ್ಟರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿಯವರೆಗಿನ ಪರಿಹಾರ ಅವರ ಅಧಿಕಾರ ವ್ಯಾಪ್ತಿಯಲ್ಲಿದೆ. ವಿಜಯಪುರದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿ ಎರಡು ವರ್ಷಗಳ ಕಾಲಮಿತಿ.

ಲೆಕ್ಕಪತ್ರದಲ್ಲಿ

ಪಾಲುದಾರರ ವಾಸದ ಮನೆಯ ವಿಮಾ ಕಂತನ್ನು ಸಂಸ್ಥೆಯ ಖರ್ಚೆಂದು ಬರೆಯುವ ಅಭ್ಯಾಸ ಹಲವೆಡೆ ಉಂಟು. ಅದು ಪಾಲುದಾರರ ಸ್ವಂತ ವೆಚ್ಚವಾದ್ದರಿಂದ ಅವರ ಖಾತೆಗೆ ಖರ್ಚು ಹಾಕತಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ ದೊರೆತ ಜಿಎಸ್‌ಟಿ ವಿನಾಯಿತಿ ವೈಯಕ್ತಿಕ ಜೀವ ಹಾಗೂ ಆರೋಗ್ಯ ವಿಮೆಗಳಿಗೆ ಸೀಮಿತ. ಗೃಹ ವಿಮೆಯ ಕಂತಿಗೆ ಶೇ. 18ರ ತೆರಿಗೆ ಇದ್ದೇ ಇದೆ. ಮನೆಯ ಪಾಲಿಸಿಯ ಮೇಲೆ ತೆತ್ತ ಈ ತೆರಿಗೆಯನ್ನು ಅಂಗಡಿಯ ಹೂಡುವಳಿ ತೆರಿಗೆಯಲ್ಲಿ ಜಮಾ ಪಡೆಯಲು ಬರುವುದಿಲ್ಲ.

ಬಂದ ಪರಿಹಾರವನ್ನೂ ಬಿಡಿಸಿ ಬರೆದಿಡಬೇಕು. ಸ್ವಂತ ವಾಸಕ್ಕಾಗಿ ಕೊಟ್ಟ ಬಾಡಿಗೆಯ ಮರುಪಾವತಿ ಸ್ವಂತ ಖರ್ಚಿನ ಭರ್ತಿಯೇ ಹೊರತು ಸಾಮಾನ್ಯವಾಗಿ ಆದಾಯವೆನಿಸುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಬಾಡಿಗೆ ನಷ್ಟಕ್ಕೆ ಬಂದ ಹಣ ಆದಾಯದ ಸ್ಥಾನದಲ್ಲಿ ಬಂದದ್ದಾದ್ದರಿಂದ ಅದನ್ನು ಲೆಕ್ಕದ ಹೊರಗಿಡುವುದು ತರವಲ್ಲ. ಕಟ್ಟಡಕ್ಕೆ ಬಂದ ಮೊತ್ತದ ಹಾದಿ ಬೇರೆ. ಪ್ರವಾಹ, ಭೂಕಂಪ, ಗಲಭೆ, ಆಕಸ್ಮಿಕ ಬೆಂಕಿಯಿಂದ ಹಾಳಾದ ಬಂಡವಾಳ ಆಸ್ತಿಗೆ ವಿಮಾ ಕಂಪನಿಯಿಂದ ಬಂದ ಹಣವನ್ನು 1961ರ ಆದಾಯ ತೆರಿಗೆ ಕಾಯ್ದೆಯ 45(1ಎ) ಉಪವಿಭಾಗವು ಹಣ ಬಂದ ವರ್ಷದ ಬಂಡವಾಳ ಲಾಭದ ಲೆಕ್ಕಕ್ಕೆ ಸೇರಿಸಿತ್ತು. 2025ರ ಹೊಸ ಕಾಯ್ದೆ ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ ವಿಭಾಗಗಳ ಸಂಖ್ಯೆಗಳು ಬೇರೆ. ಕಂಪನಿ ಒಂದೇ ಚೆಕ್ಕಿನಲ್ಲಿ ಎಲ್ಲವನ್ನೂ ಕೊಟ್ಟಿದ್ದರೆ ಕಟ್ಟಡಕ್ಕೆಷ್ಟು, ಸಾಮಾನಿಗೆಷ್ಟು, ಬಾಡಿಗೆಗೆಷ್ಟು ಎಂಬ ವಿಂಗಡಣೆಯ ಪತ್ರವನ್ನು ಇತ್ಯರ್ಥದ ಸಮಯದಲ್ಲೇ ಕೇಳಿ ಪಡೆದು ಆ ವರ್ಷದ ಕಡತದಲ್ಲಿರಿಸಬೇಕು.